ಡಬ್ಬಿಗೆ ಹೇಳಿದ ಮಾತು

ಮಹೇಶ್ವರಿ ಮದುವೆಯಾಗಿ ಬ್ಯಾಡಗಿಗೆ ಬಂದು ಹದಿಮೂರು ವರ್ಷ. ಈ ಹದಿಮೂರು ವರ್ಷದಲ್ಲಿ ಗಂಡನ ಅಣ್ಣ ಫಕ್ಕೀರೇಶನ ಜೊತೆ ಅವಳು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಸಿಟ್ಟಿನಿಂದ ಬಿಟ್ಟ ಮಾತಲ್ಲ ಅದು. ಭಾವನ ಎದುರು ನಿಂತು ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ, ಅಷ್ಟೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೋ ಗಂಡನಿಗೋ ಹೇಳಿದಂತೆ ಹೇಳಬೇಕು, ಭಾವ ಕೇಳಿಸಿಕೊಳ್ಳಬೇಕು. ಹಾಗಂತ ಜಗಳವೇ ಇರಲಿಲ್ಲ ಅಂದುಕೊಂಡೀರಿ. ಇತ್ತು, ಮೂರು ಹೊತ್ತೂ ಇತ್ತು. ಬಾಯಿ ಕಟ್ಟಿಕೊಂಡು ಆಡುವ ಜಗಳದಷ್ಟು ಕೆಟ್ಟ ಜಗಳ ಇನ್ನೊಂದಿಲ್ಲ.

ಮನೆ ಒಂದೇ, ನಡುವೆ ಎದೆಮಟ್ಟದ ಗೋಡೆ. ಮುಂದಿನ ಅರ್ಧದಲ್ಲಿ ಹೆಂಡತಿ ತೀರಿಹೋದ ಫಕ್ಕೀರೇಶ, ಹಿಂದಿನ ಅರ್ಧದಲ್ಲಿ ಮಹೇಶ್ವರಿ ಮತ್ತು ಅವಳ ಗಂಡ ಮಾಂತೇಶ. ಅಡುಗೆ ಅವಳದು, ಊಟ ಮೂವರದು. ಮಾಂತೇಶ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕ ಮಾಡುವವನು. ಮನೆಯಲ್ಲಿ ಮಾತು ಬಿಸಿಯಾದರೆ ಚಪ್ಪಲಿ ಹುಡುಕುವವನು. ಅವನಿಂದ ಯಾವ ಉಪಯೋಗವೂ ಇರಲಿಲ್ಲ, ಅದಕ್ಕೇ ಮಹೇಶ್ವರಿ ತನ್ನ ಮಾತನ್ನು ಗಂಡನಿಗೆ ಹೇಳುವುದು ಬಿಟ್ಟು ಟಗರಿಗೆ ಹೇಳತೊಡಗಿದಳು.

ಆ ಟಗರು ಬಂದದ್ದು ಹೀಗೆ. ಎರಡು ವರ್ಷದ ಹಿಂದೆ ಕಾಗಿನೆಲೆ ರಸ್ತೆಯಲ್ಲಿ ಒಂದು ಕುರಿ ಮರಿ ಹಾಕಿ ಸತ್ತಿತ್ತು. ಕುರಿಗಾರ ಆ ಮರಿಯನ್ನು ಮಾಂತೇಶನ ಕೈಗೆ ಕೊಟ್ಟು, ಬದುಕಿದರೆ ನಿಮ್ಮದು ಅಂದಿದ್ದ. ಮಹೇಶ್ವರಿ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದಳು. ಅದೇ ವಾರ ಮನೆಯ ಖಾಲಿ ಚೀಲದೊಳಗೆ ಬೆಕ್ಕೊಂದು ಮರಿ ಹಾಕಿ, ಉಳಿದವನ್ನು ಕಚ್ಚಿಕೊಂಡು ಹೋಗಿ ಒಂದನ್ನು ಮರೆತೇಬಿಟ್ಟಿತು. ಎರಡೂ ತಬ್ಬಲಿಗಳು ಒಂದೇ ಬುಟ್ಟಿಯಲ್ಲಿ ಮಲಗಿ ಬೆಳೆದವು. ಊರಿನ ಮೆಣಸಿನಕಾಯಿಯಲ್ಲಿ ಸಣಕಲು ಜಾತಿಗೆ ಕಡ್ಡಿ ಅನ್ನುತ್ತಾರೆ, ದಪ್ಪನೆಯದಕ್ಕೆ ಡಬ್ಬಿ. ಬೆಕ್ಕು ಕಡ್ಡಿಯಾಯಿತು, ಟಗರು ಡಬ್ಬಿಯಾಯಿತು. ಒಮ್ಮೆ ಆಟದಲ್ಲಿ ಕಡ್ಡಿ ಕಚ್ಚಿದ್ದಕ್ಕೆ ಡಬ್ಬಿಯ ಎಡಗಿವಿಯ ತುದಿ ಅವರೆಕಾಳಿನಷ್ಟು ಹರಿದಿತ್ತು. ಆ ಕಚ್ಚಿನ ಮೇಲೂ ಅವುಗಳ ಗೆಳೆತನ ಹಾಗೇ ಇತ್ತು. ಸಂಜೆಯಾದರೆ ಕಡ್ಡಿ ಬರುತ್ತಿತ್ತು, ಡಬ್ಬಿಯ ಮೂಗಿಗೆ ಮೂಗು ಉಜ್ಜುತ್ತಿತ್ತು, ಡಬ್ಬಿ ಮುಂಗಾಲು ಮಡಚಿ ಕೂರುತ್ತಿತ್ತು. ಬೆಕ್ಕು ಅದರ ಬೆನ್ನೇರಿ ಉಣ್ಣೆಯಲ್ಲಿ ಹುದುಗಿ ನಿದ್ದೆ ಹೋಗುತ್ತಿತ್ತು.

ಮಹೇಶ್ವರಿ ಹಗಲೆಲ್ಲ ಮನೆಯ ಮುಂದೆ ನೆರೆಮನೆಯ ಜಯವ್ವನ ಜೊತೆ ಕೂತು ಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದಳು. ಸಂಜೆ ಐದಕ್ಕೆ ಹಿತ್ತಲಿಗೆ ಬಂದು ಮೊಬೈಲನ್ನು ಕಾಳು ಅಳೆಯುವ ಸೇರಿಗೆ ಆನಿಸಿ ನಿಲ್ಲಿಸಿ ಲೈವ್ ಹಚ್ಚುತ್ತಿದ್ದಳು. ಮೊದಲ ದಿನ ನೋಡಿದವರು ಹನ್ನೊಂದು ಮಂದಿ. ಅದರಲ್ಲೊಬ್ಬಳು, ಖಾರದ ಕೈಯಲ್ಲಿ ಬೆಕ್ಕು ಮುಟ್ಟುತ್ತೀರಲ್ಲ, ನಾಚಿಕೆಯಾಗಲ್ವಾ ಎಂದು ಬರೆದಳು. ಮಹೇಶ್ವರಿ ಅವಳ ಮೂರು ತಲೆಮಾರನ್ನೂ ಮನಸ್ಸಿನಲ್ಲೇ ಬೈದಳು. ಮರುದಿನದಿಂದ ಮಾತ್ರ ಕೈಗೆ ಎಣ್ಣೆ ಸವರಿ, ಕಡಲೆಹಿಟ್ಟಿನಲ್ಲಿ ತಿಕ್ಕಿ, ಸೀರೆ ಬದಲಿಸಿಯೇ ಹಿತ್ತಲಿಗೆ ಬಂದಳು.

ಜನ ಹೆಚ್ಚಿದ್ದು ಬೆಕ್ಕಿನಿಂದಲೂ ಅಲ್ಲ, ಟಗರಿನಿಂದಲೂ ಅಲ್ಲ, ಆ ಮನೆಯ ಜಗಳದಿಂದ.

"ಡಬ್ಬಿ, ಕೇಳಿಲ್ಲಿ," ಅನ್ನುತ್ತಿದ್ದಳು ಮಹೇಶ್ವರಿ ಗೋಡೆಯಾಚೆ ಕೇಳುವಂತೆ. "ಉಂಡ ತಾಟು ಅಲ್ಲೇ ಬಿಟ್ಟು ಎದ್ದು ಹೋಗೋ ಮಂದಿಗೆ ಕೈ ಇಲ್ಲೇನಂತ ಕೇಳು."

ಗೋಡೆಯಾಚೆಯಿಂದ ಫಕ್ಕೀರೇಶನ ದನಿ ಬರುತ್ತಿತ್ತು. "ಕಡ್ಡಿ, ಸಾರಿಗೆ ಉಪ್ಪು ಬಿದ್ದಿಲ್ಲಂತ ಹೇಳವಾ. ಮೊಬೈಲ್ ಮುಂದ ಕುಂತವರಿಗೆ ಉಪ್ಪಿನ ಭರಣಿ ಎಲ್ಲಿ ನೆನಪಿರತೈತಿ."

"ಡಬ್ಬಿ, ಉಪ್ಪು ತಿನ್ನೋರಿಗೆ ಬುದ್ಧಿ ಬರತೈತಂತ ಕೇಳಿದ್ನಿ. ಈ ಮನ್ಯಾಗ ಇಪ್ಪತ್ತು ಸೇರು ಖರ್ಚಾದ್ರೂ ಬಂದಿಲ್ಲ ನೋಡು."

ನೋಡುವವರು ಇದನ್ನು ತಮಾಷೆ ಅಂದುಕೊಂಡರು. ಟಗರಿನ ಜೊತೆ ಹೆಂಗಸು, ಬೆಕ್ಕಿನ ಜೊತೆ ಕಾಣದ ಗಂಡಸು, ಎಂಥಾ ಜೋಡಿ ಅಂದರು. ಹನ್ನೊಂದು ಮಂದಿ ಐದು ನೂರಾದರು, ಐದು ನೂರು ಹದಿನಾಲ್ಕು ತಿಂಗಳಲ್ಲಿ ಅರವತ್ತು ಸಾವಿರವಾದರು. ಅವಳ ಮೈಯೆಲ್ಲ ಉರಿಯುತ್ತಿದ್ದ ದಿನವೇ ಹೆಚ್ಚು ನಗುಮುಖಗಳು ಬೀಳುತ್ತಿದ್ದವು.

ಮಹೇಶ್ವರಿಗೆ ಅವಳದೇ ಕಟ್ಟುಪಾಡುಗಳಿದ್ದವು. ಹಿತ್ತಲಿನ ಹಳದಿ ಗೋಡೆ ಬಿಟ್ಟು ಬೇರೇನೂ ಕಾಣಬಾರದು. ಬ್ಯಾಡಗಿ ಎಂದು ಕಡ್ಡಿ, ಡಬ್ಬಿ ಹೆಸರು ಕೇಳಿಯೇ ಊಹಿಸಿಯಾರು, ಆದರೆ ಓಣಿ, ಮನೆ, ಮನೆಯವರ ಹೆಸರು ಬಾಯಿಂದ ಬರಬಾರದು. ಜಯವ್ವನ ಮೊಮ್ಮಗಳು ಬಾಗಿಲ ಮುಂದೆ ನಿಂತು ಫೋಟೋ ಹಾಕಿದ್ದಕ್ಕೆ ಯಾವನೋ ಪರಊರಿನವನು ಬಂದು ಓಣಿಯಲ್ಲಿ ಮೂರು ದಿನ ಸುತ್ತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಲೈವ್ ಇಲ್ಲ. ಡಬ್ಬಿ ಮುಖ ತಿರುಗಿಸಿತೋ, ಅವತ್ತಿನ ಆಟ ಮುಗಿಯಿತು. ಬೆಕ್ಕಿನ ಮೂಗಿಗೆ ಮೆಣಸಿನಕಾಯಿ ಹಿಡಿಯಿರಿ, ಟಗರಿಗೆ ಕನ್ನಡಿ ತೋರಿಸಿ ಹಾಯಿಸಿರಿ ಎಂದು ಬರೆದವರನ್ನೆಲ್ಲ ಕಿತ್ತು ಒಗೆಯುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಒಂದಿತ್ತು: ಡಬ್ಬಿಯ ಹಣೆಯನ್ನು ಯಾರೂ ಮುಟ್ಟಬಾರದು. ಟಗರಿನ ಹಣೆಗೆ ಅಂಗೈ ಒತ್ತಿದರೆ ಅದು ತಿರುಗಿ ಒತ್ತುತ್ತದೆ, ಒತ್ತುತ್ತ ಒತ್ತುತ್ತ ಹಾಯುವುದನ್ನು ಕಲಿಯುತ್ತದೆ. ಒಮ್ಮೆ ಕಲಿತದ್ದು ಮರೆಯುವುದಿಲ್ಲ. ಆಮೇಲೆ ಅಂಗೈಯಷ್ಟು ಬೆಕ್ಕು ಅದರ ಮುಂದೆ ಬದುಕೀತೆ? ಮಹೇಶ್ವರಿ ಡಬ್ಬಿಯ ಗದ್ದದ ಕೆಳಗಷ್ಟೇ ಕೆರೆಯುತ್ತಿದ್ದಳು. ಮಕ್ಕಳಿಲ್ಲದ ಅವಳಿಗೆ ಆ ಎರಡು ಜೀವ ಒಟ್ಟಿಗೆ ಮಲಗುವುದನ್ನು ನೋಡುವುದರಲ್ಲೇ ದಿನದ ದಣಿವು ಇಳಿಯುತ್ತಿತ್ತು.

ಫಕ್ಕೀರೇಶನಿಗೆ ಇದೆಲ್ಲ ಹೆಣ್ಣುಹೆಂಗಸಿನ ಕೆಲಸವಾಗಿ ಕಾಣುತ್ತಿತ್ತು. ಅವನೂ ಒಂದು ಕಾಲದಲ್ಲಿ ಹೆಸರಿದ್ದ ಮನುಷ್ಯ. ದೀಪಾವಳಿಯ ಹೋರಿ ಹಬ್ಬದಲ್ಲಿ ಅವನ ಹೋರಿ 'ಗುಡುಗು' ಕೊಬ್ಬರಿ ಹಾರ ಹಾಕಿಕೊಂಡು ಓಡಿದರೆ ಹಿಡಿಯುವ ಗಂಡು ಇರಲಿಲ್ಲ. ಓಡುವ ಮೊದಲು ಮೈಕಿನಲ್ಲಿ ಹೋರಿಯ ಹೆಸರು, ಊರು, ಓಣಿ, ಮಾಲಕನ ಹೆಸರು ಕೂಗುತ್ತಿದ್ದರು. ಹಾಗೆ ಕೂಗಿಸಿಕೊಳ್ಳದ ಹೋರಿಗೆ ಅಲ್ಲಿ ಮರ್ಯಾದೆಯೇ ಇಲ್ಲ. ಎಂಟು ವರ್ಷದ ಹಿಂದೆ ಗುಡುಗು ರೋಗ ಬಂದು ಸತ್ತಿತು. ಅಂದಿನಿಂದ ಫಕ್ಕೀರೇಶನ ಹೆಸರನ್ನು ಮೈಕಿನಲ್ಲಿರಲಿ, ಬಾಗಿಲಲ್ಲಿ ನಿಂತು ಕೂಗುವವರೂ ಇರಲಿಲ್ಲ. ಈಗ ನೋಡಿದರೆ ಮನೆಯೊಳಗೇ ಅರವತ್ತು ಸಾವಿರ ಮಂದಿಗೆ ಗೊತ್ತಿರುವ ಟಗರು, ಅದಕ್ಕೆ ಊರಿಲ್ಲ, ಓಣಿಯಿಲ್ಲ, ಮಾಲಕನಿಲ್ಲ. ಅವನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ಯಾರೂ ಇಲ್ಲದಾಗ ಅವನು ಡಬ್ಬಿಯ ಹಣೆಗೆ ಅಂಗೈ ಇಟ್ಟು ಒತ್ತುವುದನ್ನು ಮಹೇಶ್ವರಿ ಎರಡು ಸಲ ಕಂಡಳು. ಎರಡನೆಯ ಸಲ ಕೈಯಲ್ಲಿದ್ದ ಬಕೆಟ್ ಕುಕ್ಕಿ ನಿಲ್ಲಿಸಿ ಹೇಳಿದಳು.

"ಡಬ್ಬಿ, ಇನ್ನೊಮ್ಮೆ ನಿನ್ನ ಹಣಿ ಮುಟ್ಟಿದವರ ತಾಟಿಗೆ ನಾ ರೊಟ್ಟಿ ಹಾಕಂಗಿಲ್ಲ. ದೇವರಾಣಿ."

"ಕಡ್ಡಿ, ಟಗರು ಅಂದ್ರ ಟಗರಿನಂಗ ಇರಬೇಕಂತ ಹೇಳು. ಬೆಕ್ಕಿನ ಹಾಸಿಗಿ ಮಾಡಿ ಇಟ್ಟಾರ ಅದನ್ನ. ಮಂದಿ ನಗತಾರ."

"ನಗೋ ಮಂದಿಗೆ ನಗಲಿ ಅನ್ನು ಡಬ್ಬಿ. ಟಗರಿನ ಕಾಳಗದ ಕಣದಾಗ ನೆತ್ತಿ ಒಡಕೊಂಡು ಸಾಯೋದಕ್ಕಿಂತ ಹಾಸಿಗಿ ಆಗಿ ಬಾಳೋದು ಛಲೋ."

ಆ ವರ್ಷ ಮಾಘದಲ್ಲಿ ಹಾವೇರಿಯಲ್ಲಿದ್ದ ಅವಳ ಬಸುರಿ ತಂಗಿಯ ಕುಬಸ ಬಂತು. ಎರಡು ದಿನ ಹೋಗಲೇಬೇಕು. ಒಂದು ದಿನವೂ ಲೈವ್ ತಪ್ಪಿಸಿದವಳಲ್ಲ ಮಹೇಶ್ವರಿ. ಹಳೆಯ ಮೊಬೈಲನ್ನು ಮಾಂತೇಶನ ಕೈಗಿಟ್ಟು ಹತ್ತು ಸಲ ಹೇಳಿ ಹೋದಳು. ಮರುದಿನ ಮಾರುಕಟ್ಟೆಗೆ ಲೋಡಿನ ಮೇಲೆ ಲೋಡು ಬಂದು ಮಾಂತೇಶನಿಗೆ ತೂಕದ ಕಾಟಾ ಬಿಟ್ಟು ಏಳಲು ಆಗಲಿಲ್ಲ. ಆ ಪುಣ್ಯಾತ್ಮ ಮೊಬೈಲನ್ನು ಕೊಟ್ಟದ್ದು ಯಾರಿಗೆ? ಅಣ್ಣನಿಗೆ.

ಫಕ್ಕೀರೇಶ ಅವತ್ತು ಕ್ಷೌರ ಮಾಡಿಸಿದ. ಹಳದಿ ರುಮಾಲು ಸುತ್ತಿದ. ಡಬ್ಬಿಯನ್ನು ಮನೆಯ ಮುಂದೆ ತಂದು ಕಟ್ಟಿ, ಗುಡುಗಿನ ಹಳೆಯ ಜೂಲನ್ನು ಅದರ ಮೈಮೇಲೆ ಹೊದಿಸಿದ. ಮಧ್ಯಾಹ್ನವೇ ಪೇಂಟರನ್ನು ಕರೆಸಿ ಮುಂಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿಯೂ ಆಗಿತ್ತು: ಬ್ಯಾಡಗಿ ಡಬ್ಬಿ, ಮಾಲಕರು ಫಕ್ಕೀರೇಶ, ಅದರ ಕೆಳಗೆ ಅವನ ಮೊಬೈಲ್ ನಂಬರು. ಐದಕ್ಕೆ ಸರಿಯಾಗಿ ಆ ಗೋಡೆಯ ಮುಂದೆ ನಿಂತು ಹೋರಿ ಹಬ್ಬದ ಧಾಟಿಯಲ್ಲೇ ಕೂಗಿದ.

"ಬಂತ ನೋಡ್ರಪಾ ಬ್ಯಾಡಗಿ ಡಬ್ಬಿ. ಕುಂಬಾರ ಓಣಿ, ನೀರಿನ ಟಾಕಿ ಹಿಂದಿನ ಮನಿ. ಮಾಲಕರು ಫಕ್ಕೀರೇಶ. ಯಾರ್ ಬೇಕಾದವರು ಬಂದು ನೋಡ್ರಿ, ಚಾ ಕುಡದು ಹೋಗ್ರಿ."

ಅವತ್ತು ಒಂದೇ ಹೊತ್ತಿಗೆ ಹನ್ನೊಂದು ಸಾವಿರ ಮಂದಿ ನೋಡಿದರು. ಅವನು ಮೊದಲಿನಿಂದ ಇನ್ನೊಮ್ಮೆ ಕೂಗಿದ.

ಮರುದಿನ ಬೆಳಿಗ್ಗೆ ಇಬ್ಬರು ಬಾಳೆಹಣ್ಣಿನ ಗೊನೆ ಹಿಡಿದು ಬಂದರು. ನಾವು ಡಬ್ಬಿಯ ಅಭಿಮಾನಿಗಳು ಅಂದರು. ಫಕ್ಕೀರೇಶಣ್ಣಾ ಎಂದು ಹೆಸರು ಹಿಡಿದು ಮಾತಾಡಿಸಿದರು. ಫಕ್ಕೀರೇಶ ಚಹಾ ಕಾಸಿದ, ಟಗರಿಗೆ ಏನು ತಿನ್ನಿಸುತ್ತೇವೆ ಅಂದ, ಯಾವ ಹೊತ್ತಿಗೆ ಬಿಚ್ಚುತ್ತೇವೆ ಅಂದ, ಮಧ್ಯಾಹ್ನ ತಾನು ಎಲೆ ಅಡಿಕೆ ತರಲು ಬಸ್‌ಸ್ಟ್ಯಾಂಡಿಗೆ ಹೋಗುವುದನ್ನೂ ಅಂದ. ಅವನು ಎಲೆ ಅಡಿಕೆ ತಂದು ಬರುವಷ್ಟರಲ್ಲಿ ಹಗ್ಗ ಕೊಯ್ದು ಟಗರನ್ನು ಒಯ್ದಿದ್ದರು. ಒಂದು ಟೆಂಪೋ ಓಣಿಯಿಂದ ಹೊರಟದ್ದನ್ನು ಜಯವ್ವ ನೋಡಿದ್ದಳು. ಫಕ್ಕೀರೇಶನ ನೆಂಟರು ಎಂದುಕೊಂಡಿದ್ದಳು.

ಕುಬಸದ ಗದ್ದಲದಲ್ಲಿ ಲೈವ್ ನೋಡಲಾಗದ ಮಹೇಶ್ವರಿ ಹಾವೇರಿಯಿಂದ ಬಂದು ಬಸ್ಸಿಳಿದು ನಡೆದು ಬಂದಾಗ ಮೊದಲು ಕಂಡದ್ದು ಗೋಡೆಯ ಬರಹ, ಅದರ ಮುಂದೆ ಕೊಯ್ದ ಹಗ್ಗ. ಅದನ್ನು ಓದಿ ಮುಗಿಸುವುದರೊಳಗೆ ಅವಳಿಗೆ ಎಲ್ಲ ಗೊತ್ತಾಗಿಹೋಯಿತು. ಅಳಲಿಲ್ಲ. ಒಳಗೆ ಹೋಗಿ ಅವತ್ತಿನ ಅಡುಗೆ ಮಾಡಿ ಎರಡೇ ತಾಟು ಹಾಕಿದಳು. ಗೋಡೆಯಾಚೆಯವನಿಗೆ ಹೇಳಲು ಬೇಕಾದಷ್ಟು ಇತ್ತು. ಯಾರ ಕಡೆ ತಿರುಗಿ ಹೇಳುವುದು? ಡಬ್ಬಿಯೇ ಇರಲಿಲ್ಲ. ಕಡ್ಡಿ ಖಾಲಿ ಗೂಟದ ಸುತ್ತ ಮೂರು ದಿನ ಕೂಗಿಕೊಂಡು ತಿರುಗಿತು.

ಪೊಲೀಸರಿಗೆ ಬರೆದುಕೊಟ್ಟಳು. ಲೈವ್‌ನಲ್ಲಿ ಕೂತು ಟಗರು ಕಳುವಾಗಿದೆ ಅಂದಳು. ಇಷ್ಟು ದಿನ ನಗುಮುಖ ಹಾಕಿದವರ ಬಣ್ಣ ಆಗ ಬಯಲಾಯಿತು. ಮಂದಿ ಕೂಡಿಸಲು ನಾಟಕ ಅಂದರು ಕೆಲವರು. ಮಾರಿಕೊಂಡು ಅಳುತ್ತಿದ್ದಾಳೆ ಅಂದರು. ಅಂಥವರನ್ನು ಅವಳು ಕಿತ್ತು ಒಗೆದಷ್ಟೂ ಇನ್ನಷ್ಟು ಬಂದರು. ಮೂರು ವಾರ ಮಹೇಶ್ವರಿ ಯಾರನ್ನೂ ನಂಬಲಿಲ್ಲ.

ನಾಲ್ಕನೆಯ ವಾರ ರಾಣೆಬೆನ್ನೂರಿನ ಕುರಿ ವ್ಯಾಪಾರಿ ಅಬ್ದುಲರಜಾಕನಿಂದ ಒಂದು ಸಂದೇಶ ಬಂತು. ಮೊದಲ ತಿಂಗಳಿಂದಲೂ ದಿನಾ ತಪ್ಪದೆ 'ಡಬ್ಬಿಗೆ ಸಲಾಂ' ಎಂದು ಒಂದೇ ಸಾಲು ಬರೆಯುತ್ತಿದ್ದ ಮುದುಕ. ಐರಣಿ ದಾಟಿ ಹೊಳೆದಂಡೆಯ ಒಂದು ತೋಟದಲ್ಲಿ ಟಗರು ನೋಡಿದ್ದೇನೆ, ಉಣ್ಣೆಗೆ ಕಪ್ಪು ಬಣ್ಣ ಬಳಿದಿದ್ದಾರೆ, ಎಡಗಿವಿಗೆ ಬಣ್ಣ ಬಳಿದರೆ ಕಚ್ಚು ಮುಚ್ಚೀತೆ ಎಂದು ಬರೆದಿದ್ದ. ಕೊಳ್ಳುವವನಂತೆ ಎರಡು ಸಲ ಹೋಗಿ ಖಾತ್ರಿ ಮಾಡಿಕೊಂಡೇ ಬರೆದಿದ್ದ.

ಮಹೇಶ್ವರಿ, ಅಬ್ದುಲರಜಾಕ ಪೊಲೀಸರನ್ನು ಕರೆದುಕೊಂಡು ಹೋದರು. ತೋಟದ ಶೆಡ್ಡಿನಲ್ಲಿ ಡಬ್ಬಿ ನಿಂತಿತ್ತು. ಅದರ ಎದುರು ಹಗ್ಗದಲ್ಲಿ ಒಂದು ಲಾರಿ ಟಯರು ತೂಗುತ್ತಿತ್ತು. ಟಗರು ನಮ್ಮದೇ, ನಾವೇ ಸಾಕಿದ್ದು ಎಂದು ತೋಟದವರು ವಾದಿಸಿದರು. ಮಹೇಶ್ವರಿ ಮುಂದೆ ಬಂದು ಮೆಲ್ಲಗೆ, "ಡಬ್ಬಿ, ಕುಂದ್ರು," ಅಂದಳು. ಟಗರು ಮುಂಗಾಲು ಮಡಚಿ ಕೂತಿತು. ವಾದ ಅಲ್ಲಿಗೆ ನಿಂತಿತು, ಪೊಲೀಸರೂ ನಕ್ಕರು.

ಅಬ್ದುಲರಜಾಕ ಮಾತ್ರ ನಗಲಿಲ್ಲ. ಡಬ್ಬಿಯ ನೆತ್ತಿಯ ಮೇಲೆ ದಪ್ಪಗಟ್ಟಿದ ಚರ್ಮವನ್ನು ನೋಡುತ್ತ ಹೇಳಿದ. "ತಂಗಿ, ಮೂರು ವಾರ ಇದನ್ನ ಟಯರಿಗೆ ಹಾಯಿಸ್ಯಾರ. ಬೆಕ್ಕಿನ್ನ ದೂರ ಇಡವಾ. ಲಗೂ ಮಾಡಬ್ಯಾಡ."

"ಅದು ನನ್ನ ಡಬ್ಬಿ ರಜಾಕಣ್ಣಾ. ಮಾತು ಕೇಳ್ತಲ್ಲ."

"ಮಾತು ಕೇಳತೈತಿ. ಕಲಿತದ್ದೂ ನೆನಪಿರತೈತಿ."

ಹತ್ತು ದಿನ ಅವಳು ಆ ಮಾತು ನಡೆಸಿದಳು. ಡಬ್ಬಿ ಮನೆಯ ಮುಂದೆ, ಕಡ್ಡಿ ಹಿತ್ತಲಲ್ಲಿ. ಆದರೆ ಮೊಬೈಲ್ ತೆಗೆದರೆ ಬೈಗುಳದ ಸುರಿಮಳೆ. ಇದು ಬೇರೆ ಟಗರು, ಬೆಕ್ಕಿನ ಜೊತೆ ಯಾಕೆ ತೋರಿಸುತ್ತಿಲ್ಲ, ನಾಟಕದವಳು. ಮಹೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಹನ್ನೊಂದನೆಯ ದಿನ ಐದಕ್ಕೆ ಡಬ್ಬಿಯನ್ನು ಹಿತ್ತಲಿಗೆ ತಂದಳು. ಮೊಬೈಲ್ ನಿಲ್ಲಿಸುವಾಗಲೇ ಡಬ್ಬಿ ಮುಖ ಆಚೆ ತಿರುಗಿಸಿತು. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಮುರಿಯದ ಕಟ್ಟುಪಾಡನ್ನು ಅವತ್ತು ಅವಳು ಮುರಿದು ಲೈವ್ ಹಚ್ಚಿದಳು. ಇದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ. ಅದನ್ನು ಅವಳೇ ಆಮೇಲೆ ಸಾವಿರ ಸಲ ತನಗೆ ಹೇಳಿಕೊಂಡಳು.

ಕಡ್ಡಿ ಗೋಡೆಯಿಂದ ಇಳಿದು ಬಂತು. ಎಷ್ಟೋ ದಿನದ ಮೇಲೆ ಗೆಳೆಯ ಸಿಕ್ಕಿದ್ದ. ಬಾಲ ಎತ್ತಿ ಓಡಿಬಂದು ಡಬ್ಬಿಯ ಮೂಗಿಗೆ ಮೂಗು ಉಜ್ಜಿತು. ಡಬ್ಬಿ ಕೂರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿಯಿತು.

ಟಗರು ಹಿಂದೆ ಸರಿದರೆ ಏನರ್ಥವೆಂದು ಆ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮಹೇಶ್ವರಿ ಎದ್ದು ನಡುವೆ ಬಿದ್ದಳು. ಗುದ್ದು ಅವಳ ಬಲಮೊಣಕಾಲಿಗೆ ಬಿತ್ತು. ಚಿಪ್ಪು ಒಡೆದ ಸದ್ದು ಮೊಬೈಲಿನಲ್ಲೂ ಕೇಳಿತಂತೆ. ಕಡ್ಡಿ ಒಂದೇ ನೆಗೆತಕ್ಕೆ ಹಂಚಿನ ಮೇಲೆ ಹೋಯಿತು. ಡಬ್ಬಿ ಮತ್ತೆ ಎರಡು ಹೆಜ್ಜೆ ಹಿಂದೆ ಸರಿದು, ಬಿದ್ದವಳನ್ನೇ ನೋಡುತ್ತ ನಿಂತಿತು. ಮಾಂತೇಶ ಬಂದು ಕೊರಳ ಹಗ್ಗ ಹಿಡಿದ.

ಕಾಲಿಗೆ ಪಟ್ಟಿ ಹಾಕಿಸಿಕೊಂಡು ಅವಳು ಮನೆಗೆ ಬಂದಳು. ಕಾಲು ಮಡಚಿ ಕೂತು ತೊಟ್ಟು ತೆಗೆಯುವ ಕೆಲಸ ಇನ್ನು ಆಗದು ಅಂದಿದ್ದರು ಡಾಕ್ಟರು. ಅಷ್ಟರೊಳಗೆ ಆ ಗುದ್ದಿನ ತುಣುಕನ್ನು ಯಾರೋ ಕತ್ತರಿಸಿ ಹಾಕಿ ನಾಲ್ಕು ಲಕ್ಷ ಮಂದಿ ನೋಡಿಯಾಗಿತ್ತು. ಅವಳು ಯಾರೆಂದು ಕೇಳಿದವರಿಲ್ಲ. ಎಂಥಾ ಗುದ್ದು, ಯಾರ ಟಗರು ಅದು, ಎಲ್ಲರದೂ ಅದೇ ಮಾತು. ನಂಬರು ಹುಡುಕುವುದೇನು ಕಷ್ಟ? ಗೋಡೆಯ ಮೇಲೇ ಇತ್ತು.

ಫಕ್ಕೀರೇಶನ ಮೊಬೈಲು ಬೆಳಗಿನಿಂದ ಬಡಿದುಕೊಳ್ಳತೊಡಗಿತು. ಮಹೇಶ್ವರಿ ಮಲಗಿದಲ್ಲಿಂದಲೇ ಗೋಡೆಯಾಚೆಯದನ್ನೆಲ್ಲ ಕೇಳುತ್ತಿದ್ದಳು.

"ಹೌದ್ರಿ, ನಂದ ಟಗರು. ಹಲಗೇರಿ ಕಣಕ್ಕೇನ್ರಿ? ನೋಡೂಣು ತಡೀರಿ... ಹೌದ್ರಿ, ಫಕ್ಕೀರೇಶ ಅಂತ... ನೋಡೂಣು."

ಮೂರನೆಯ 'ನೋಡೂಣು' ಕೇಳಿದ ಮೇಲೆ ಅವಳು ಎದ್ದಳು. ಕೋಲು ಊರಿಕೊಂಡು, ನೋವಿಗೆ ಹಲ್ಲು ಕಚ್ಚಿ, ನಡುಗೋಡೆ ಸುತ್ತಿಕೊಂಡು ಭಾವನ ಅರ್ಧಕ್ಕೆ ಕಾಲಿಟ್ಟಳು. ಅವನಿದ್ದಾಗ ಅವಳು ಅಲ್ಲಿಗೆ ಬಂದದ್ದೇ ಇಲ್ಲ. ತಲೆಯ ಸೆರಗು ಜಾರಿತ್ತು. ಎಳೆದುಕೊಳ್ಳಲಿಲ್ಲ. ಅವನ ಎದುರಿನ ಕುರ್ಚಿಯಲ್ಲೇ ಕೂತಳು.

"ಭಾವಾರ," ಅಂದಳು.

ಫಕ್ಕೀರೇಶ ಬೆಚ್ಚಿ ಎದ್ದು ನಿಂತ.

"ಭಾವಾರ, ಡಬ್ಬಿ ಸತ್ತಾನಂತ ಹೇಳ್ರಿ ಅವರಿಗೆಲ್ಲ."

ಅವನು ಉತ್ತರ ಕೊಡಲು ಸುತ್ತ ನೋಡಿದ. ಕಡ್ಡಿಯನ್ನು ಹುಡುಕುತ್ತಿದ್ದ. ಕಡ್ಡಿ ಹಂಚಿನ ಮೇಲಿಂದ ಇಳಿದೇ ಇರಲಿಲ್ಲ. ಬೇರೆ ದಾರಿ ಇಲ್ಲದೆ, ನೆಲ ನೋಡುತ್ತ ಅವಳಿಗೇ ಹೇಳಿದ.

"ಅಲ್ಲೇ ಗೂಟದಾಗ ನಿಂತೈತಲ್ಲವಾ."

"ಅದು ನಿಮಗ ಬೇಕಾಗಿದ್ದ ಟಗರ್ರೀ. ನನ್ನ ಡಬ್ಬಿ ಅವತ್ತ ಟೆಂಪೋ ಹತ್ತಿ ಹೋತು. ಬಾಗಲಾ ತೆಗೆದು ಚಾ ಕುಡಿಸಿ ಕಳಿಸಿದವರು ನೀವು. ಮತ್ತ ಕರ್ಕೊಂಡು ಬಂದು ಬೆಕ್ಕಿನ ಮುಂದ ನಿಲ್ಲಿಸಿದಾಕಿ ನಾನು. ಇಬ್ಬರೂ ಕೂಡಿ ಕೊಂದೇವಿ. ನಾ ನನ್ನ ಮಂದಿಗೆ ಹೇಳೇನಿ. ನಿಮ್ಮ ಮಂದಿಗೆ ನೀವು ಹೇಳ್ರಿ."

ಹೊರಗೆ ಗೂಟದ ಹತ್ತಿರ ಟಗರು ಶೇಂಗಾ ಹೊಟ್ಟು ಮೇಯುತ್ತಿತ್ತು. ಮೊಬೈಲು ಮತ್ತೆ ಬಡಿದುಕೊಂಡಿತು. ಫಕ್ಕೀರೇಶ ಅದನ್ನು ಮುಟ್ಟಲಿಲ್ಲ. ಅವಳೇ ಎತ್ತಿ ಹಸಿರು ಗುಂಡಿ ಒತ್ತಿ ಅವನ ಕೈಗೆ ಹಿಡಿದಳು. 

"ಹಲೋ... ಹೌದ್ರಿ, ಬ್ಯಾಡಗಿ," ಅಂದ ಫಕ್ಕೀರೇಶ. ಅವನ ಕಣ್ಣು ಅವಳ ಪಟ್ಟಿ ಕಟ್ಟಿದ ಮೊಣಕಾಲಿನ ಮೇಲೆ ನಿಂತಿತು. "ಡಬ್ಬಿ ಇಲ್ರಿ. ಸತ್ತಾನ್ರಿ."

ಆ ಕಡೆಯವನು ಏನೋ ಕೇಳಿದ. ಮಾತಾಡುತ್ತಿರುವುದು ಮಾಲಕರಾ ಎಂದು ಕೇಳಿದ್ದು ಮಹೇಶ್ವರಿಗೂ ಕೇಳಿಸಿತು.



"ಅಲ್ರಿ," ಅಂದ ಫಕ್ಕೀರೇಶ. "ನಾ ಯಾರೂ ಅಲ್ರಿ."

ಇಟ್ಟ ಕೂಡಲೇ ಮೊಬೈಲು ಮತ್ತೆ ಬಡಿದುಕೊಂಡಿತು. ಮಹೇಶ್ವರಿ ಕುರ್ಚಿ ಬಿಟ್ಟು ಏಳಲಿಲ್ಲ.